ಎಗ್ ರೋಲ್ ಹಾಳೆ: ಲಟ್ಟಣಿಗೆಗೆ ರಜೆ

ಅಮೆರಿಕದ ಸೂಪರ್‌ಮಾರ್ಕೆಟ್‌ನಲ್ಲಿ, ಪಲ್ಯ ಸುತ್ತಿ ಕರಿಯೋ ಎಗ್ ರೋಲ್ ಹಾಳೆ ಹುಡುಕ್ತಿದ್ದೀರಾ? ಫ್ರೀಜರ್ ಕಡೆ ಹೋಗ್ಬೇಡಿ. ಹೆಚ್ಚಿನ ಅಂಗಡಿಗಳಲ್ಲಿ ಇದು ಇರೋದು ತರಕಾರಿ ವಿಭಾಗದ ತಂಪು ಕಪಾಟಿನಲ್ಲಿ, ತೋಫು ಪಕ್ಕ.

ಒಳಗಿರೋದು ಮೈದಾ, ನೀರು, ಉಪ್ಪು. ಹಲವು ಬ್ರ್ಯಾಂಡ್‌ಗಳಲ್ಲಿ ಮೊಟ್ಟೆ ಕೂಡ. ಮೊಟ್ಟೆ ತಿನ್ನದವರು ಲೇಬಲ್ ಓದಿಯೇ ಕೊಳ್ಳಿ. ಹಾಳೆಗಳ ಮಧ್ಯೆ ಕಾಣೋ ಬಿಳಿ ಪುಡಿ, ಅಂಟದಿರಲಿ ಅಂತ ಉದುರಿಸಿರೋ ಕಾರ್ನ್‌ಫ್ಲೋರ್. ಪಕ್ಕದ ಪುಟ್ಟ ವೊಂಟನ್ ಹಾಳೆ? ಸಾಮಾನ್ಯವಾಗಿ ಅದೇ ಹಿಟ್ಟು, ಅಳತೆ ಮಾತ್ರ ಚಿಕ್ಕದು. ದೊಡ್ಡ ಹಾಳೆಯನ್ನೇ ನಾಲ್ಕು ಭಾಗ ಮಾಡಿದ್ರೆ ಆಯ್ತು, ಎರಡು ಪ್ಯಾಕೆಟ್ ಯಾಕೆ?

ಇನ್ನು ಪಲ್ಯ. ಕೈಕೊಡೋದು ಇಲ್ಲೇ. ಎಲೆಕೋಸು, ಕ್ಯಾರೆಟ್ ದೊಡ್ಡ ಉರಿಯಲ್ಲಿ ಬಾಡಿಸಿ, ನೀರು ಬಸಿದು, ಪೂರ್ತಿ ಆರಿಸಿ. ಬಿಸಿ ಪಲ್ಯ ಇಟ್ರೆ ಆವಿಗೆ ಹಾಳೆ ಮೆತ್ತಗಾಗಿ, ಎಣ್ಣೆಗೆ ಬಿಟ್ಟಾಗ ಬಾಯಿ ಬಿಡುತ್ತೆ. ಹಾಳೆಯ ಒಂದು ಮೂಲೆ ನಿಮ್ಮ ಕಡೆಗಿರಲಿ. ಪಲ್ಯ ಇಟ್ಟು ಮಡಚಿ, ಎರಡೂ ಬದಿ ಒಳಗೆ ತಂದು ಬಿಗಿಯಾಗಿ ಸುತ್ತಿ, ಕೊನೆಯ ಮೂಲೆಗೆ ನೀರು ಸವರಿ ಅಂಟಿಸಿ. ಉಳಿದ ಹಾಳೆಗಳ ಮೇಲೆ ಒದ್ದೆ ಬಟ್ಟೆ ಮುಚ್ಚಿಡಿ. ಗಾಳಿಗೆ ಒಣಗಿದ್ರೆ ಮಡಚುವಾಗ ಸೀಳುತ್ತೆ.

ಎಣ್ಣೆ ಸುಮಾರು 175 ಡಿಗ್ರಿ ಸೆಲ್ಸಿಯಸ್. ಮೈತುಂಬ ಗುಳ್ಳೆ ಎದ್ರೆ ಗಾಬರಿ ಬೇಡ, ಎಗ್ ರೋಲ್ ಚೆಂದವೇ ಅದು. ಗುಳ್ಳೆಯಿಲ್ಲದ ತೆಳು ಗರಿಗರಿ ಬೇಕಾ? ಆಗ ಫ್ರೀಜರ್‌ನ ಸ್ಪ್ರಿಂಗ್ ರೋಲ್ ಹಾಳೆ ತನ್ನಿ. ಏರ್ ಫ್ರೈಯರ್‌ನಲ್ಲೂ ಮಾಡಬಹುದು. ನನಗಂತೂ ಅದು ಸಪ್ಪೆ.

ಹಾಳೆ ಮಿಕ್ಕಿತಾ? ಉದ್ದುದ್ದ ಕತ್ತರಿಸಿ ಕರಿದು, ಉಪ್ಪು, ಖಾರದಪುಡಿ ಉದುರಿಸಿ. ಸಂಜೆ ಕಾಫಿ ಜೊತೆಗೆ ಆಯ್ತು.