ದೊಡ್ಡಾಯಿಯ ದನಿ, ಅಳಿಯನ ಸಿ.ಡಿ. ರೈಟರ್

"ಮಾಮಾ, ಕಂಪ್ಯೂಟರಿಗೆ ಹೊಸಾ ಸಿ.ಡಿ. ರೈಟರ್ ಹಾಕೀವಿ. ಈಗ ಕಂಪ್ಯೂಟರ್ರ ಚಾಲೂ ಆಗವಲ್ದು. ನೀ ಜಲ್ದಿ ಬಾ."

ಕೊಲ್ಹಾರದಿಂದ ಅಳಿಯನ ಫೋನು. ಒಂಬತ್ತನೇ ತರಗತಿಯ ಹುಡುಗ, ಸ್ಕ್ರೂಡ್ರೈವರ್ ಕೈಗೆ ಸಿಕ್ಕರೆ ಬಿಡುವವನಲ್ಲ. ಬೇರೆ ದಿನವಾಗಿದ್ದರೆ ನಕ್ಕು "ಭಾನುವಾರ ಬರ್ತೀನಿ" ಅನ್ನುತ್ತಿದ್ದೆ. ಆದರೆ ಆ ಕಂಪ್ಯೂಟರಿನಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಬಿಜಾಪುರದಿಂದ ಸಂಜೆಯ ಬಸ್ಸಿಗೇ ಹೊರಟೆ.

ಆಗ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಕೊಲ್ಹಾರ ಎಂದರೆ ಹಲವರಿಗೆ ನೆನಪಾಗುವುದು ಗಡಿಗೆ ಮೊಸರು. ನನಗೆ ನೆನಪಾಗುವುದು ಹಳೆಯ ಕೊಲ್ಹಾರ. ನನ್ನ ಅಕ್ಕನನ್ನು ಕೊಟ್ಟದ್ದು ಅಲ್ಲಿಯ ಮನೆಗೆ. ಕೃಷ್ಣೆಗೆ ಆಲಮಟ್ಟಿ ಅಣೆಕಟ್ಟು ಬಂದು, ಹಿನ್ನೀರು ಏರುತ್ತದೆಂದು ಊರಿಗೆ ಊರೇ ಮೇಲಕ್ಕೆ ಬಂತು. ಈಗ ಅವರಿರುವುದು ಹೊಸ ಕೊಲ್ಹಾರದಲ್ಲಿ. ಹಳೆಯ ಮನೆಯ ಪಡಸಾಲೆ, ಹಗೇವು, ಬಾಗಿಲ ಮುಂದಿನ ಕಟ್ಟೆ ಎಲ್ಲ ಫೋಟೋದಲ್ಲಿ ಮಾತ್ರ ಉಳಿದಿವೆ. ಆ ಫೋಟೋಗಳನ್ನು ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿಗೆ ಹಾಕಿದ್ದರು.

ಇನ್ನೊಂದು ಆಸ್ತಿಯೂ ಅದರಲ್ಲಿತ್ತು. ಮಕ್ಕಳ ಆಯಿ ಮತ್ತು ಆಯಿಯ ಅಕ್ಕ, ಅಂದರೆ ದೊಡ್ಡಾಯಿ, ಇಬ್ಬರೂ ಹಳೆಯ ಮನೆಯ ಪಡಸಾಲೆಯಲ್ಲಿ ಕೂತು ಹೇಳಿದ ಬೀಸುವ ಪದ, ಸೋಬಾನ ಪದಗಳು. ಯಾರದೋ ಮದುವೆಯ ಹಿಂದಿನ ದಿನ ಭಾವ ಟೇಪಿನಲ್ಲಿ ಹಿಡಿದಿದ್ದರು. ದೊಡ್ಡಾಯಿ ಈಗಿಲ್ಲ. ಕ್ಯಾಸೆಟ್ಟಿನ ಪಟ್ಟಿ ಒಮ್ಮೆ ಹರಿದಿತ್ತು. ಅಂಟಿಸಿ, ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಹಿಂದಿರುವ ನೀಲಿ ತೂತಿಗೆ ವಾಯರ್ ಎಳೆದು, ಕಳೆದ ದಸರೆಯಲ್ಲಿ ನಾನೇ ಅದನ್ನು ಕಂಪ್ಯೂಟರಿಗೆ ಇಳಿಸಿದ್ದೆ. ಮರುವಾರವೇ ಟೇಪ್ ರೆಕಾರ್ಡರ್ ಆ ಕ್ಯಾಸೆಟ್ಟನ್ನು ನುಂಗಿ ಹಾಕಿತು. ಈಗ ಹಾರ್ಡ್ ಡಿಸ್ಕೂ ಆಗಾಗ 'ಕಟ್ ಕಟ್' ಅನ್ನತೊಡಗಿತ್ತು. ಹಾಗೆ ಸದ್ದು ಮಾಡುವ ಡಿಸ್ಕನ್ನು ನಂಬಬಾರದು. ಸಿ.ಡಿ. ರೈಟರ್ ತರಿಸಿದ್ದು ಅದಕ್ಕೇ.

ಹೋಗಿ ಡಬ್ಬಿ ಬಿಚ್ಚಿ ನೋಡಿದರೆ ತೊಂದರೆ ಸಣ್ಣದು. ಹಾರ್ಡ್ ಡಿಸ್ಕಿಗೆ ಹೋಗುವ ಅಗಲ ಪಟ್ಟಿಯಂಥ ಕೇಬಲ್ಲಿಗೇ ಅಳಿಯ ರೈಟರನ್ನೂ ಜೋಡಿಸಿದ್ದ. ಒಂದು ಕೇಬಲ್ಲಿನಲ್ಲಿ ಎರಡು ಸಾಧನ ಇರಬಹುದು. ಆದರೆ ಒಂದು ಮಾಸ್ಟರ್, ಇನ್ನೊಂದು ಸ್ಲೇವ್ ಆಗಬೇಕು. ಅದನ್ನು ತಿಳಿಸುವುದು ಸಾಧನದ ಹಿಂಬದಿಯಲ್ಲಿ ಎರಡು ಸೂಜಿಗಳಿಗೆ ತೊಡಿಸಿದ ಜಂಪರ್ ಎಂಬ ಅಕ್ಕಿ ಕಾಳಿನಷ್ಟು ಪ್ಲಾಸ್ಟಿಕ್ ಟೊಪ್ಪಿಗೆ. ಇಲ್ಲಿ ಎರಡೂ 'ನಾನೇ ಮಾಸ್ಟರ್' ಎಂದು ಕೂತಿದ್ದವು. ಮದರ್‌ಬೋರ್ಡಿನಲ್ಲಿ ಎರಡನೆಯ ಕೇಬಲ್ಲಿಗೆ ಜಾಗವಿತ್ತು. ರೈಟರಿಗೆ ಅಲ್ಲೇ ಬೇರೆ ಮನೆ ಮಾಡಿಕೊಟ್ಟೆ. ಕೇಬಲ್ಲಿನ ಕೆಂಪು ಗೆರೆ ರೈಟರಿನ ಕರೆಂಟ್ ಪಿನ್ನಿನ ಕಡೆ ಇರಲಿ. ತಿರುವುಮುರುವಾದರೂ ಕಂಪ್ಯೂಟರ್ ರೈಟರನ್ನು ಗುರುತಿಸುವುದಿಲ್ಲ. ಇದನ್ನೆಲ್ಲ ಮಾಡುವ ಮೊದಲು ಪ್ಲಗ್ ಕಿತ್ತಿರಬೇಕು. ಚಿಕ್ಕ ಮಕ್ಕಳು ದೊಡ್ಡವರಿಲ್ಲದೆ ಡಬ್ಬಿ ಬಿಚ್ಚಲೇಬಾರದು.

ಮರುದಿನ ಬೆಳಿಗ್ಗೆ ಸುಡುವ ಕೆಲಸ ಶುರು. "ತಟ್ಟಿ ಸುಡೂದಂದ್ರ ಬೆಂಕಿ ಬರತೈತೇನು ಮಾಮಾ?" ಎಂದು ಆರನೇ ತರಗತಿಯ ಸೊಸೆ ಕೇಳಿದಳು. ಬೆಂಕಿ ಬರುವುದಿಲ್ಲ, ಆದರೆ ಬಿಸಿಯಂತೂ ನಿಜ. ಅಂಗಡಿಯಲ್ಲಿ ಸಿಗುವ ಹಾಡಿನ ಸಿ.ಡಿ.ಯಲ್ಲಿ ಸಣ್ಣ ಗುಳಿಗಳನ್ನು ಅಚ್ಚು ಒತ್ತಿರುತ್ತಾರೆ. ಖಾಲಿ ಸಿ.ಡಿ.ಯಲ್ಲಿ, ಅಂದರೆ ಸಿ.ಡಿ.-ಆರ್‌ನಲ್ಲಿ, ಪ್ಲಾಸ್ಟಿಕ್ಕಿನ ಮೇಲೆ ತೆಳುವಾದ ಬಣ್ಣದ ಲೇಪ, ಅದರ ಮೇಲೆ ಕನ್ನಡಿಯಂಥ ಲೋಹದ ಪದರ. ರೈಟರಿನ ಲೇಸರ್ ಬೆಳಕು ಜೋರಾಗಿ ಬಿದ್ದಲ್ಲಿ ಬಣ್ಣ ಕಾದು ಮಾರ್ಪಡುತ್ತದೆ, ಆ ಚುಕ್ಕೆ ಮಂಕಾಗುತ್ತದೆ. ಓದುವಾಗ ಲೇಸರ್ ಮೆಲ್ಲಗೆ ಬೆಳಗಿ, ಎಲ್ಲಿ ಹೊಳಪು, ಎಲ್ಲಿ ಮಂಕು ಎಂದು ನೋಡುತ್ತ ಹೋಗುತ್ತದೆ. ಈ ಬರಹ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತದೆ. 1 ಮಿಲಿಮೀಟರ್ ಅಗಲದಲ್ಲಿ 600ಕ್ಕೂ ಹೆಚ್ಚು ಸುತ್ತು! ಬಿಡಿಸಿ ಎಳೆದರೆ 5 ಕಿಲೋಮೀಟರಿಗೂ ಉದ್ದ. ಅರ್ಧ ತುಂಬಿದ ಸಿ.ಡಿ.ಯನ್ನು ಬೆಳಕಿಗೆ ಓರೆ ಹಿಡಿದು ನೋಡಿ, ಬರೆದ ಭಾಗ ಎಲ್ಲಿಗೆ ಮುಗಿಯಿತೆಂದು ಬಣ್ಣದ ಗಡಿಯೇ ಕಾಣುತ್ತದೆ. ಹೀಗೆ ಒಮ್ಮೆ ಸುಟ್ಟ ಚುಕ್ಕೆ ಮತ್ತೆ ಮೊದಲಿನಂತಾಗುವುದಿಲ್ಲ. ತಪ್ಪಿದರೆ ಸ್ಲೇಟಿನಂತೆ ಒರೆಸಲು ಬರುವುದಿಲ್ಲ, ತಟ್ಟೆಯೇ ಹೋಯಿತು.

ನಮ್ಮ ಮೊದಲನೆಯದು ಹಾಗೇ ಹೋಯಿತು. ಅಳಿಯ 52 ಪಟ್ಟು ವೇಗ ಆರಿಸಿ, ಬರೆಯಲು ಹಚ್ಚಿ, ಕಾಯಲು ಬೇಸರವೆಂದು ಕಾರ್ ರೇಸ್ ಆಟ ತೆಗೆದ. ಮುಕ್ಕಾಲು ಭಾಗಕ್ಕೆ 'ಬಫರ್ ಅಂಡರ್‌ರನ್' ಎಂಬ ಸಂದೇಶ ಬಂದು ನಿಂತಿತು. ಲೆಕ್ಕ ಹಾಕಿ ನೋಡಿ. 1 ಪಟ್ಟು ಎಂದರೆ ಸೆಕೆಂಡಿಗೆ 150 ಕೆ.ಬಿ. 52 ಪಟ್ಟು ಎಂದರೆ 7,800 ಕೆ.ಬಿ. ರೈಟರಿನೊಳಗೆ ಮಾಹಿತಿ ಕೂಡಿಡಲು ಇರುವ ಪುಟ್ಟ ತೊಟ್ಟಿ, ಅಂದರೆ ಬಫರ್, ಬರೀ 2 ಎಂ.ಬಿ. ಪೂರ್ಣ ವೇಗದಲ್ಲಿ ಅದು ಕಾಲು ಸೆಕೆಂಡಿಗೆ ಬರಿದು! ಅಷ್ಟರಲ್ಲಿ ಹಾರ್ಡ್ ಡಿಸ್ಕಿನಿಂದ ಮತ್ತೆ ತುಂಬಬೇಕು. ಡಿಸ್ಕು ಆಟಕ್ಕೆ ಓಡಿದರೆ ತೊಟ್ಟಿಗೆ ನೀರಿಲ್ಲ. ತಟ್ಟೆ ಮಾತ್ರ ತಿರುಗುತ್ತಲೇ ಇರುತ್ತದೆ.

ಬಾಗಿಲಲ್ಲಿ ಕೂತಿದ್ದ ಆಯಿ ಇದನ್ನು ಕೇಳಿ, "ಹೆಪ್ಪು ಹಾಕಿದ ಗಡಿಗಿ ಅಳ್ಳಾಡಿಸಿದ್ರ ಮಸರು ಆಗತೈತೇನು? ಸುಮ್ಕ ಕುಂದ್ರಬೇಕವ್ವಾ" ಎಂದರು. ನಾನು ಇಷ್ಟುದ್ದ ಹೇಳಿದ್ದು ಅವರಿಗೆ ಒಂದೇ ಮಾತಿಗೆ ತಿಳಿದಿತ್ತು.

ಇದಕ್ಕೆ ಉಪಾಯವಿದೆ. ತೊಟ್ಟಿ ಬರಿದಾದರೆ ಬರೆಯುವುದನ್ನು ನಿಲ್ಲಿಸಿ, ನಿಂತ ಜಾಗದಿಂದಲೇ ಮುಂದುವರಿಸುವ ವಿದ್ಯೆಯನ್ನು ಜಪಾನಿನ ಸ್ಯಾನ್ಯೊ ಕಂಪನಿ 2000ದ ಹೊತ್ತಿಗೆ 'ಬರ್ನ್ ಪ್ರೂಫ್' ಎಂಬ ಹೆಸರಿನಲ್ಲಿ ತಂದಿತು. ಈಚಿನ ರೈಟರುಗಳಲ್ಲಿ ಇಂಥದ್ದೊಂದು ಇದ್ದೇ ಇರುತ್ತದೆ. ನಮ್ಮದರಲ್ಲೂ ಇತ್ತು, ಸಾಫ್ಟ್‌ವೇರಿನಲ್ಲಿ ಅದರ ಚೌಕಕ್ಕೆ ಟಿಕ್ ಹಾಕಿರಲಿಲ್ಲ ಅಷ್ಟೆ. ವಿಂಡೋಸ್ 98 ಇದ್ದವರು ಇನ್ನೊಂದು ನೋಡಿಕೊಳ್ಳಿ: ಕಂಟ್ರೋಲ್ ಪ್ಯಾನೆಲ್, ಸಿಸ್ಟಂ, ಡಿವೈಸ್ ಮ್ಯಾನೇಜರ್‌ನಲ್ಲಿ ಹಾರ್ಡ್ ಡಿಸ್ಕಿಗೂ ರೈಟರಿಗೂ 'ಡಿ.ಎಂ.ಎ.' ಎಂಬ ಟಿಕ್ ಇರಬೇಕು. ಇಲ್ಲದಿದ್ದರೆ ಪ್ರತಿ ಕೊಡ ನೀರನ್ನೂ ಪ್ರೊಸೆಸರೇ ಹೊತ್ತು ಹಾಕಬೇಕಾಗುತ್ತದೆ. ಸ್ಕ್ರೀನ್ ಸೇವರ್ ಬಂದ್ ಮಾಡಿ. ವೇಗವನ್ನು 16ಕ್ಕೆ ಇಳಿಸಿ. 80 ನಿಮಿಷದ ಸಿ.ಡಿ. 16 ಪಟ್ಟಿನಲ್ಲಿ 5 ನಿಮಿಷಕ್ಕೆ ಮುಗಿಯುತ್ತದೆ, ಯಾವ ಬಸ್ಸೂ ತಪ್ಪುವುದಿಲ್ಲ.

ಎರಡನೆಯದು ಕರೆಂಟಿಗೆ ಬಲಿಯಾಯಿತು. ಯು.ಪಿ.ಎಸ್. ಬ್ಯಾಟರಿ ಸತ್ತಿರುವುದು ಗೊತ್ತಾದದ್ದೂ ಆಗಲೇ. ಬರ್ನ್ ಪ್ರೂಫ್ ಕರೆಂಟ್ ಹೋದದ್ದಕ್ಕೆ ಆಗಿ ಬರುವುದಿಲ್ಲ.

ಮೂರನೆಯದು ಬರೆದು ಮುಗಿದು ತಟ್ಟೆ ತಾನಾಗಿ ಹೊರಬಂತು. ಮನೆಮಂದಿಗೆಲ್ಲ ಖುಷಿ. ಅಕ್ಕ ಅದರ ಮೇಲೆ ಬಾಲ್‌ಪೆನ್ನಿನಿಂದ ಹೆಸರು ಬರೆಯಹೋದಾಗ ಕೈ ಹಿಡಿದೆ. ಎಲ್ಲರೂ ಹೊಳೆಯುವ ಕೆಳಬದಿಯನ್ನೇ ನಾಜೂಕು ಎಂದು ತಿಳಿಯುತ್ತಾರೆ. ನಿಜಕ್ಕೂ ಲೋಹದ ಪದರ ಇರುವುದು ಮೇಲಿನ ಹೆಸರಿನ ಬದಿಗೆ, ತೆಳುವಾದ ಅರಗಿನಂಥ ಲೇಪದ ಕೆಳಗೆ. ಬಾಲ್‌ಪೆನ್ನಿನ ಮೊನೆ ಅದನ್ನು ಗೀರಬಹುದು. ಮೆತ್ತನೆಯ ಮಾರ್ಕರ್ ಪೆನ್ನೇ ಬೇಕು.

ದೊಡ್ಡಾಯಿಯ ಮಗಳು ಸೊಲ್ಲಾಪುರದಲ್ಲಿದ್ದಾರೆ. ತಾಯಿಯ ದನಿ ಕೇಳಬೇಕೆಂದು ವರ್ಷದಿಂದ ಕೇಳುತ್ತಿದ್ದರು. ಅಲ್ಲಿಗೆ ಹೊರಟವರ ಕೈಯಲ್ಲಿ ಅದನ್ನೇ ಕಳಿಸಿದೆವು. ನಾಲ್ಕು ದಿನಕ್ಕೆ ಅವರ ಫೋನು: "ತಟ್ಟಿ ತಿರಗತೈತಿ, ನಮ್ಮವ್ವನ ದನಿ ಬರವಲ್ದೋ ತಮ್ಮಾ."

ಆ ಮಾತು ನನ್ನನ್ನು ಚುಚ್ಚಿತು. ತಪ್ಪು ನನ್ನದೇ. ಪದಗಳನ್ನು ಎಂ.ಪಿ.3 ಕಡತಗಳಾಗಿ, 'ಡೇಟಾ ಸಿ.ಡಿ.' ಎಂದು ಬರೆದಿದ್ದೆ. ಕಂಪ್ಯೂಟರಿಗೆ ಅದು ಸರಿ. ಅವರ ಮನೆಯಲ್ಲಿದ್ದುದು ಹಳೆಯ ಸಿ.ಡಿ. ಪ್ಲೇಯರ್, ಅದಕ್ಕೆ 'ಆಡಿಯೋ ಸಿ.ಡಿ.' ಮಾತ್ರ ಗೊತ್ತು. ಆಡಿಯೋ ಸಿ.ಡಿ.ಯಲ್ಲಿ ನಿಮಿಷಕ್ಕೆ ಸುಮಾರು 10 ಎಂ.ಬಿ. ಹಿಡಿಯುತ್ತದೆ, 80 ನಿಮಿಷಕ್ಕಿಂತ ಹೆಚ್ಚು ಕೂಡದು. ಇನ್ನೊಂದೂ ಇತ್ತು: ಮುಂದೆ ಫೋಟೋ ಸೇರಿಸೋಣವೆಂದು ಅಳಿಯ ಸಿ.ಡಿ.ಯನ್ನು 'ಫೈನಲೈಸ್' ಮಾಡದೆ ತೆರೆದಿಟ್ಟಿದ್ದ. ಬಾಯಿ ಮುಚ್ಚದ ಸಿ.ಡಿ. ಬರೆದ ರೈಟರಿನಲ್ಲಿ ಓದಿಸಿಕೊಳ್ಳುತ್ತದೆ, ಬೇರೆ ಕಡೆ ಹಟ ಮಾಡುತ್ತದೆ. ಮತ್ತೆ ಮತ್ತೆ ಅಳಿಸಿ ಬರೆಯುವ ಸಿ.ಡಿ.-ಆರ್‌ಡಬ್ಲ್ಯೂ ಕೊಳ್ಳೋಣವೆಂದು ಭಾವ ಅಂದರು, ಬೇಡವೆಂದೆ. ಅದರ ಹೊಳಪು ಬಹಳ ಕಡಿಮೆ, ಹಳೆಯ ಪ್ಲೇಯರಿನ ಕಣ್ಣಿಗೆ ಕಾಣುವುದೇ ಕಷ್ಟ.

ಈ ಸಲ ಕರೆಂಟು ಬಂದ ಕೂಡಲೇ, ಯಾರೂ ಕೀಲಿಮಣೆ ಮುಟ್ಟದೆ, 8 ಪಟ್ಟಿನಲ್ಲಿ ಎರಡು ಆಡಿಯೋ ಸಿ.ಡಿ. ಬರೆದೆವು. ಫೋಟೋಗಳಿಗೆ ಬೇರೆ ಎರಡು. ತಟ್ಟೆ ಹೊರಬಂದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಳಿಯ ನಾಲ್ಕನ್ನೂ ಹಿಡಿದು ಪಕ್ಕದ ಓಣಿಯ ಗೆಳೆಯನ ಮನೆಗೆ ಓಡಿದ. ಅಲ್ಲಿಯ ಪ್ಲೇಯರಿನಲ್ಲಿ ಮೊದಲ ಪದ, ನಡುವಿನ ಪದ, ಕಡೆಯ ಪದ ಹಾಕಿ ಕೇಳಿ, ಅಲ್ಲಿಯ ಕಂಪ್ಯೂಟರಿನಲ್ಲಿ ಒಂದೊಂದೇ ಫೋಟೋ ತೆರೆದು ನೋಡಿ ಬಂದ. ಕಡೆಯದನ್ನು ನೋಡುವುದು ಮುಖ್ಯ, ತಟ್ಟೆಯ ಹೊರ ಅಂಚಿನಲ್ಲೇ ತಪ್ಪು ಹೆಚ್ಚು. ಜೋಡಿಯಲ್ಲಿ ಒಂದು ಸೊಲ್ಲಾಪುರಕ್ಕೆ, ಒಂದು ಅಕ್ಕನ ಟ್ರಂಕಿಗೆ. ಕೆಟ್ಟು ಹೋದವನ್ನು ಭಾವ ಜೋಳದ ಹೊಲದಲ್ಲಿ ದಾರಕ್ಕೆ ಕಟ್ಟಿದ್ದಾರೆ. ಬಿಸಿಲಿಗೆ ಮಿಂಚಿ ಗುಬ್ಬಿಗಳನ್ನು ಹೆದರಿಸುತ್ತಿವೆ.

ಸೊಲ್ಲಾಪುರದಿಂದ ಮತ್ತೆ ಫೋನು ಬಂದಾಗ ಆ ಕಡೆಯಿಂದ ಮಾತೇ ಇಲ್ಲ. ಹಿಂದೆ ಸೋಬಾನ ಪದ ಮಾತ್ರ ಕೇಳುತ್ತಿತ್ತು. ಆಯಿ ರಿಸೀವರನ್ನು ಕಿವಿಗೆ ಹಚ್ಚಿಕೊಂಡೇ ಒಂದು ಪದ ಪೂರ್ತಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಆ ತಟ್ಟ್ಯಾಗ ಇನ್ನೂ ಜಾಗಾ ಉಳದೈತೇನು?" ಎಂದರು.

"28 ನಿಮಿಷ ಉಳದಿತ್ತು ಆಯಿ. ಆದ್ರ ಬಾಯಿ ಮುಚ್ಚೀವಿ, ಇನ್ನ ಸೇರಸಾಕ ಬರೂದಿಲ್ಲ."

"ಹಂಗಾರ ಇನ್ನೊಂದು ತಟ್ಟಿ ತಾ. ಅಕ್ಕಗ ಗೊತ್ತಿಲ್ಲದ ಪದಾನೂ ಅದಾವು ನನ್ನ ಹಂತ್ಯಾಕ."