ಪರದೇಶವಾಸಿಯೂ ಮನೋವೈದ್ಯನೂ: ಒಂದು ಐತಿಹಾಸಿಕ ವಿವೇಚನೆ

ಶರೀರಕ್ಕೆ ರೋಗ ತಗುಲಿದಾಗ ರೋಗಿಯು ಹೇಳದಿದ್ದುದನ್ನು ಆತನ ನಾಡಿಯೂ ರಕ್ತವೂ ಬಹುಮಟ್ಟಿಗೆ ಹೇಳಿಬಿಡುತ್ತವೆ. ಮನಸ್ಸಿನ ರೋಗದಲ್ಲಿ ಹಾಗಲ್ಲ. ಅಲ್ಲಿ ರೋಗಿಯ ಮಾತು, ಮೌನ, ನಡತೆಗಳೇ ಮುಖ್ಯ ಲಕ್ಷಣಗಳು. ಅವುಗಳ ಅರ್ಥವನ್ನು ಗ್ರಹಿಸುವುದೇ ವೈದ್ಯನು ನಡೆಸುವ ಪರೀಕ್ಷೆ. ಹೀಗಿರುವಲ್ಲಿ, ಭಾಷೆ ಆಚಾರ ನಂಬಿಕೆಗಳು ಬೇರೆಯಾದ ನಾಡಿನಲ್ಲಿ ನೆಲಸಿದವನ ಮನಸ್ಸು ಅಸ್ವಸ್ಥವಾದರೆ ಆತನು ಎಂತಹ ವೈದ್ಯನನ್ನು, ಯಾವ ಮಾರ್ಗದಿಂದ ಅರಸಬೇಕು? ಈ ಪ್ರಶ್ನೆಗೆ ಮೂರು ಶತಮಾನಗಳಿಗೂ ಮೀರಿದ ಚರಿತ್ರೆಯಿದೆ. ಅದನ್ನು ಸ್ಥೂಲವಾಗಿ ಪರಿಶೀಲಿಸಿ, ಅದರಿಂದ ದೊರೆಯುವ ತಿಳಿವನ್ನು ಇಂಗ್ಲೆಂಡಿನ ನಿದರ್ಶನಕ್ಕೆ ಅನ್ವಯಿಸಿ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

1

ಪರದೇಶವಾಸಕ್ಕೂ ಮನೋವ್ಯಥೆಗೂ ಇರುವ ಸಂಬಂಧವನ್ನು ಯೂರೋಪಿನ ವೈದ್ಯಶಾಸ್ತ್ರ 1688ರಲ್ಲಿಯೇ ಗುರುತಿಸಿತು. ಆ ವರ್ಷ ಸ್ವಿಟ್ಸರ್ಲೆಂಡಿನ ಬಾಸೆಲ್ ವಿಶ್ವವಿದ್ಯಾನಿಲಯದಲ್ಲಿ ಯೋಹಾನೆಸ್ ಹೋಫರ್ ಎಂಬ ವಿದ್ಯಾರ್ಥಿಯು ತನ್ನ ಪ್ರಬಂಧದಲ್ಲಿ 'ನಾಸ್ಟಾಲ್ಜಿಯ' ಎಂಬ ಪದವನ್ನು ಸೃಷ್ಟಿಸಿದನು. ಹಿಂದಿರುಗುವಿಕೆ, ನೋವು ಎಂಬರ್ಥದ ಎರಡು ಗ್ರೀಕ್ ಪದಗಳಿಂದಾದ ಈ ಹೆಸರು ಅಂದು ಮಧುರವಾದ ನೆನಪನ್ನಲ್ಲ, ಒಂದು ರೋಗವನ್ನು ಸೂಚಿಸುತ್ತಿತ್ತು. ರೋಗಿಯನ್ನು ಸ್ವಗ್ರಾಮಕ್ಕೆ ಕಳುಹಿಸುವುದೇ ಅದಕ್ಕೆ ಪರಮ ಚಿಕಿತ್ಸೆಯೆಂದು ಆತನ ಅಭಿಪ್ರಾಯ.

ಆದರೆ ಎಲ್ಲರೂ ಊರಿಗೆ ಮರಳಲಾರರು. ಇಪ್ಪತ್ತನೆಯ ಶತಮಾನದಲ್ಲಿ ನಾರ್ವೆಯ ಮನೋವೈದ್ಯ ಓಡೆಗೋರ್ ಅವರು ಅಮೆರಿಕದ ಮಿನೆಸೋಟ ಪ್ರಾಂತದಲ್ಲಿ ನೆಲಸಿದ್ದ ತಮ್ಮ ದೇಶೀಯರನ್ನು ಕುರಿತು ಸಂಶೋಧನೆ ನಡೆಸಿ 1932ರಲ್ಲಿ ಪ್ರಕಟಿಸಿದರು. ಸ್ಕಿಜೋಫ್ರೇನಿಯ ಎಂಬ ಚಿತ್ತವಿಕಲತೆಯಿಂದ ಆಸ್ಪತ್ರೆ ಸೇರಿದವರ ಪ್ರಮಾಣ ನಾರ್ವೆಯಲ್ಲಿಯೇ ಉಳಿದವರಿಗಿಂತ ಈ ವಲಸೆಗಾರರಲ್ಲಿ ಅಧಿಕವಾಗಿತ್ತು. ರೋಗಪ್ರವೃತ್ತಿಯುಳ್ಳವರೇ ಹೆಚ್ಚಾಗಿ ವಲಸೆ ಹೋಗುವರೆಂದು ಅವರು ಊಹಿಸಿದರು. ಅನಂತರ ಬೇರೆ ದೇಶಗಳಲ್ಲಿ ನಡೆದ ಪರಿಶೀಲನೆಗಳು ಈ ಊಹೆಯಿಂದ ಎಲ್ಲವನ್ನೂ ವಿವರಿಸಲಾಗದೆಂದೂ, ಹೊಸ ನಾಡಿನಲ್ಲಿ ಅನುಭವಿಸುವ ಒಂಟಿತನ, ತಾರತಮ್ಯಗಳಿಗೂ ಗಣನೀಯವಾದ ಸ್ಥಾನವುಂಟೆಂದೂ ತೋರಿಸಿವೆ. ರೋಗವು ವಲಸೆಗಾರನ ಸ್ವಭಾವದೋಷವೆಂದು ನಾಚಿ ಮರೆಮಾಚುವುದು ಆದುದರಿಂದ ಯುಕ್ತವಲ್ಲ.

2

ಎರಡನೆಯ ತೊಡಕು ಭಾಷೆಯದು. ಆಧುನಿಕ ಮನೋವೈದ್ಯದ ರೋಗವಿಂಗಡಣೆಗೆ ತಳಹದಿ ಹಾಕಿದ ಎಮಿಲ್ ಕ್ರೆಪೆಲಿನ್ ಅವರು 1886ರಿಂದ 1891ರವರೆಗೆ ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಡೋರ್ಪಾಟಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಅಲ್ಲಿಯ ಅನೇಕ ರೋಗಿಗಳ ಎಸ್ಟೋನಿಯನ್ ಭಾಷೆ ಅವರಿಗೆ ತಿಳಿಯದು. ದುಭಾಷಿಯ ನೆರವಿನಿಂದಲೇ ಮಾತುಕತೆ ನಡೆಯಬೇಕಾಗಿತ್ತು. ಫ್ರಾಂಟ್ಸ್ ಫ್ಯಾನನ್ ಅವರು 1953ರಲ್ಲಿ ಅಲ್ಜೀರಿಯದ ಬ್ಲಿದಾ ಆಸ್ಪತ್ರೆಗೆ ಬಂದಾಗಲೂ ಇದೇ ಪರಿಸ್ಥಿತಿ. ಅದಕ್ಕೆ ಒಂದು ವರ್ಷ ಮೊದಲು ಬರೆದ ಲೇಖನವೊಂದರಲ್ಲಿ ಅವರು, ಫ್ರಾನ್ಸಿನಲ್ಲಿ ದುಡಿಯುತ್ತಿದ್ದ ಉತ್ತರ ಆಫ್ರಿಕದ ಕಾರ್ಮಿಕರು ನೋವನ್ನು ಹೇಳಿಕೊಂಡಾಗ ವೈದ್ಯರು ಅದನ್ನು ಸುಳ್ಳೆಂದು ತಳ್ಳಿಹಾಕುತ್ತಿದ್ದ ಬಗೆಯನ್ನು ತೀವ್ರವಾಗಿ ಖಂಡಿಸಿದ್ದರು.

ಕನ್ನಡ ನುಡಿಗಟ್ಟುಗಳನ್ನೇ ತೆಗೆದುಕೊಂಡರೆ ಈ ತೊಡಕು ಸ್ಪಷ್ಟವಾಗುತ್ತದೆ. 'ಹೊಟ್ಟೆ ಉರಿಯುತ್ತದೆ' ಎಂದರೆ ಸಂಕಟವಿರಬಹುದು, ಅಸೂಯೆಯಿರಬಹುದು, ಕೇವಲ ಆಮ್ಲದೋಷವೂ ಇರಬಹುದು. 'ಎದೆ ಭಾರವಾಗಿದೆ' ಎಂಬುದನ್ನು ಪದಶಃ ಕೇಳಿದ ವೈದ್ಯನು ಹೃದಯಪರೀಕ್ಷೆಗೆ ಬರೆದುಕೊಟ್ಟಾನು. 'ದೇವರು ಮೈಮೇಲೆ ಬಂದಿತ್ತು' ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಜಾತ್ರೆಯ ದಿನದ ಪರಿಚಿತ ಸಂಗತಿ. ಅಪರಿಚಿತನ ಕಿವಿಗೆ ಅದು ಭ್ರಾಂತಿಯ ಲಕ್ಷಣವಾಗಿ ಕೇಳಿಸಬಹುದು. ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ನಿಜವಾದ ಚಿತ್ತವಿಕಲತೆಯನ್ನು 'ಇದು ಅವರ ಸಂಪ್ರದಾಯವಿರಬೇಕು' ಎಂದು ಬಗೆದು ವೈದ್ಯನು ಚಿಕಿತ್ಸೆಯನ್ನು ತಡೆಹಿಡಿಯಬಹುದು. ಎರಡರಲ್ಲಿಯೂ ನಷ್ಟ ರೋಗಿಯದೇ.

3

ಬ್ರಿಟನ್ನಿನಲ್ಲಿ ಸಾರ್ವಜನಿಕ ಆರೋಗ್ಯ ಸೇವೆ 1948ರ ಜುಲೈ 5ರಂದು ಆರಂಭವಾಯಿತು. ಅನಂತರದ ದಶಕಗಳಲ್ಲಿ ಭಾರತ, ಪಾಕಿಸ್ತಾನ, ವೆಸ್ಟ್ ಇಂಡೀಸ್‌ಗಳಿಂದ ಜನರು ಬಂದು ಅಲ್ಲಿ ನೆಲಸಿದರು. ಬ್ರಾಡ್‌ಫರ್ಡಿನ ಉಣ್ಣೆಯ ಗಿರಣಿಗಳಲ್ಲಿ ದುಡಿದವರೂ ಅವರಲ್ಲಿದ್ದರು. ಆ ಊರಿನಲ್ಲಿ ಸೇವೆ ಸಲ್ಲಿಸುತ್ತಿದ್ದ ಫಿಲಿಪ್ ರ‍್ಯಾಕ್ ಅವರು ವಲಸೆಗಾರರ ಮನೋರೋಗಗಳನ್ನು ಕುರಿತ ತಮ್ಮ ಗ್ರಂಥವನ್ನು 1982ರಲ್ಲಿ ಪ್ರಕಟಿಸಿದರು. ಮರುವರ್ಷ ಲಂಡನ್ನಿನಲ್ಲಿ ಜಾಫರ್ ಕರೀಮ್ ಅವರು 'ನಫ್ಸಿಯಾತ್' ಎಂಬ ಚಿಕಿತ್ಸಾಕೇಂದ್ರವನ್ನು ಸ್ಥಾಪಿಸಿ, ಭಿನ್ನ ಸಂಸ್ಕೃತಿಗಳವರಿಗೆ ಮಾತಿನ ಚಿಕಿತ್ಸೆ ದೊರೆಯುವಂತೆ ಮಾಡಿದರು. ಅಮೆರಿಕದ ಮನೋವೈದ್ಯ ಸಂಘವು 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯಲ್ಲಿ 16 ಪ್ರಶ್ನೆಗಳ ಒಂದು ಸಾಂಸ್ಕೃತಿಕ ಸಂದರ್ಶನಕ್ರಮವಿದೆ. ನಿಮ್ಮ ತೊಂದರೆಯನ್ನು ನಿಮ್ಮವರಿಗೆ ಹೇಗೆ ವಿವರಿಸುವಿರಿ, ಅದು ಏಕೆ ಬಂದಿತೆಂದು ಭಾವಿಸುವಿರಿ ಎಂಬಂತಹ ಪ್ರಶ್ನೆಗಳು ಅದರಲ್ಲಿ ಸೇರಿವೆ.

ಈ ಸುಧಾರಣೆಗಳಿಂದ ವಿಷಮತೆ ಅಳಿಯಿತೆಂದು ತಿಳಿಯಲಾಗದು. ಇಂಗ್ಲೆಂಡಿನಲ್ಲಿ 1983ರ ಮಾನಸಿಕ ಆರೋಗ್ಯ ಶಾಸನದ ಮೇರೆಗೆ ಬಲವಂತವಾಗಿ ಆಸ್ಪತ್ರೆಗೆ ಸೇರಿಸಲ್ಪಡುವವರ ಪ್ರಮಾಣ ಬಿಳಿಯರಿಗಿಂತ ಕಪ್ಪು ಜನರಲ್ಲಿ ಬಹಳ ಅಧಿಕವೆಂದು ಸರಕಾರದ ಅಂಕಿ ಅಂಶಗಳೇ ತೋರಿಸುತ್ತವೆ.

4

ಈ ಚರಿತ್ರೆಯ ಬೆಳಕಿನಲ್ಲಿ ಇಂಗ್ಲೆಂಡಿನಲ್ಲಿರುವ ಕನ್ನಡಿಗನು ಅನುಸರಿಸಬಹುದಾದ ಮಾರ್ಗವನ್ನು ನೋಡೋಣ. ಮೊದಲ ಮೆಟ್ಟಿಲು 'ಜಿ.ಪಿ.' ಎಂದು ಕರೆಯಲ್ಪಡುವ ಸ್ಥಳೀಯ ವೈದ್ಯನು. ಆತನಲ್ಲಿ ಹೆಸರು ನೋಂದಾಯಿಸಲು ಹಣ ಕೊಡಬೇಕಾಗಿಲ್ಲ. ಸಾಮಾನ್ಯವಾಗಿ ಆತನ ಪತ್ರದ ಮೂಲಕವೇ ಸಾರ್ವಜನಿಕ ಸೇವೆಯ ಮನೋವೈದ್ಯನ ಭೇಟಿ ಲಭಿಸುತ್ತದೆ. ಖಿನ್ನತೆ, ಆತಂಕಗಳಿಗಾಗಿ ಮಾತಿನ ಚಿಕಿತ್ಸೆಯನ್ನು ರೋಗಿಯು ನೇರವಾಗಿಯೂ ಕೋರಬಹುದು. ಪ್ರಾಣಾಪಾಯದ ಸಂದರ್ಭದಲ್ಲಿ ಈ ಕ್ರಮಕ್ಕಾಗಿ ಕಾಯದೆ 999ಕ್ಕೆ ಕರೆಮಾಡಬೇಕು. ಖಾಸಗಿ ವೈದ್ಯನಾದರೆ ಆತನ ಹೆಸರು ಜನರಲ್ ಮೆಡಿಕಲ್ ಕೌನ್ಸಿಲಿನ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಆ ಪಟ್ಟಿ ಎಲ್ಲರ ಪರಿಶೀಲನೆಗೂ ತೆರೆದಿದೆ. ಸಮಾಲೋಚಕನೆಂಬ ಹೆಸರನ್ನಾದರೋ ಅಲ್ಲಿ ಯಾರು ಬೇಕಾದರೂ ಇಟ್ಟುಕೊಳ್ಳಬಹುದು.

ಎರಡನೆಯದು ದುಭಾಷಿ. ಸಾರ್ವಜನಿಕ ಸೇವೆಯಲ್ಲಿ ರೋಗಿಯು ಶುಲ್ಕವಿಲ್ಲದೆ ದುಭಾಷಿಯ ನೆರವನ್ನು ಕೇಳಬಹುದು. ಕನ್ನಡವೇ ಬೇಕೆಂದು ಮುಂಚಿತವಾಗಿ ತಿಳಿಸುವುದು ಮೇಲು. ಗಂಡನನ್ನಾಗಲಿ, ಅತ್ತೆಯನ್ನಾಗಲಿ, ಶಾಲೆಗೆ ಹೋಗುವ ಮಗನನ್ನಾಗಲಿ ಈ ಕೆಲಸಕ್ಕೆ ಕೂರಿಸಬಾರದು. ದುಃಖದ ಕಾರಣ ಮನೆಯೊಳಗೇ ಇರುವಾಗ ಮನೆಯವರ ಮುಂದೆ ಬಾಯಿ ಬಿಡುವವರು ಯಾರು? ಕಚೇರಿಯ ಇಂಗ್ಲಿಷ್ ಸರಾಗವಾಗಿ ಬಲ್ಲವನಿಗೂ ಅಳುವ ಭಾಷೆ ತಾಯ್ನುಡಿಯೇ ಆಗಿರಬಹುದು. ಆತನೂ ಸಂಕೋಚಪಡಬೇಕಾಗಿಲ್ಲ.

ಮೂರನೆಯದು, ಊರಿನಲ್ಲಿ ಪಡೆದ ಚಿಕಿತ್ಸೆಯ ವಿವರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಾಗಲಿ ಬೇರೆಡೆಯಲ್ಲಾಗಲಿ ಚಿಕಿತ್ಸೆ ಪಡೆದಿದ್ದರೆ ಆ ಕಾಗದಗಳನ್ನು ಒಯ್ಯಬೇಕು. ಔಷಧಿಗಳ ವ್ಯಾಪಾರದ ಹೆಸರು ದೇಶದಿಂದ ದೇಶಕ್ಕೆ ಬದಲಾಗುವುದರಿಂದ ಮೂಲದ್ರವ್ಯದ ಹೆಸರು, ಪ್ರಮಾಣಗಳನ್ನು ಬರೆಸಿಕೊಳ್ಳಬೇಕು. ಭಾರತದ ವೈದ್ಯನ ಚೀಟಿಗೆ ಅಲ್ಲಿಯ ಔಷಧದಂಗಡಿಯಲ್ಲಿ ಮಾನ್ಯತೆಯಿಲ್ಲ. ಹೊಸ ವೈದ್ಯನು ದೊರೆಯುವ ಮುನ್ನ ಔಷಧವು ಮುಗಿದುಹೋಗದಂತೆ ಎಚ್ಚರಿಕೆ ವಹಿಸಬೇಕು.

ಸ್ವದೇಶೀಯನಾದ ವೈದ್ಯನೇ ಉತ್ತಮನಲ್ಲವೆ ಎಂದು ಕೆಲವರು ಕೇಳಬಹುದು. ಬ್ರಿಟನ್ನಿನಲ್ಲಿ ಭಾರತೀಯ ಮನೋವೈದ್ಯರಿಗೆ ಕೊರತೆಯಿಲ್ಲ. ಆದರೆ ದೇಶ ಒಂದಾದ ಮಾತ್ರಕ್ಕೆ ಭಾಷೆ ಒಂದಾಗದು. ಭಾಷೆ ಒಂದಾದಲ್ಲಿಯೂ ಜಾತಿ, ಅಂತಸ್ತುಗಳ ಅಳುಕು ಉಳಿಯಬಹುದು. ಚಿಕ್ಕ ಸಮುದಾಯದಲ್ಲಿ ಗುಟ್ಟು ಹೊರಬೀಳುವುದೆಂಬ ಭಯವೂ ಸಹಜ. ಗುಟ್ಟನ್ನು ಕಾಯುವುದು ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂಬುದನ್ನು ರೋಗಿಯು ಅರಿತಿರಬೇಕು. ವೈದ್ಯನ ಯೋಗ್ಯತೆಗೆ ಆತನ ಕುಲವಾಗಲಿ ಬಣ್ಣವಾಗಲಿ ಪ್ರಮಾಣವಲ್ಲ. ಅರ್ಥವಾಗದ ಮಾತನ್ನು ಆತನು ಮತ್ತೊಮ್ಮೆ ಕೇಳುವನೇ, 'ನಿಮ್ಮ ಕಡೆ ಇದನ್ನು ಹೇಗೆ ತಿಳಿಯುತ್ತಾರೆ' ಎಂದು ವಿಚಾರಿಸುವನೇ ಎಂಬುದೇ ಪ್ರಮಾಣ. ವಿಚಾರಿಸದಿದ್ದರೆ ರೋಗಿಯೇ ಹೇಳಬಹುದು. ಬೇರೊಬ್ಬ ವೈದ್ಯನ ಅಭಿಪ್ರಾಯವನ್ನೂ ಕೋರಬಹುದು.

ಹೋಫರನ ಕಾಲದಲ್ಲಿ ಊರಿಗೆ ಮರಳುವುದೇ ಪರಮೌಷಧವಾಗಿತ್ತು. ಇಂದು ಇದ್ದ ನೆಲದಲ್ಲಿಯೇ ಚಿಕಿತ್ಸೆ ಪಡೆಯುವ ಹಾದಿಯುಂಟು. ತನ್ನ ಮಾತು ಯಾರಿಗೂ ತಿಳಿಯದೆಂದು ಮೌನವಾಗಿ ಕುಳಿತು ಕಾಲ ಕಳೆಯುವುದು ಪರದೇಶವಾಸಿಗೆ ರೋಗದಷ್ಟೇ ಅಪಾಯಕರವಾದುದು.