ತರಾವೀಹ್: ವಿರಾಮದ ಹೆಸರು ಹೊತ್ತ ಇರುಳ ಪ್ರಾರ್ಥನೆ

ರಮಜಾನ್ ತಿಂಗಳ ಇರುಳುಗಳಲ್ಲಿ ಇಶಾ ನಮಾಜಿನ ನಂತರ ಮುಸ್ಲಿಮರು ಸಲ್ಲಿಸುವ ವಿಶೇಷ ಪ್ರಾರ್ಥನೆಗೆ ತರಾವೀಹ್ ಎಂದು ಹೆಸರು. ಕನ್ನಡನಾಡಿನ ಆಡುಮಾತಿನಲ್ಲಿ ಅದು 'ತರಾವಿ' ಎಂದು ರೂಢಿಯಲ್ಲಿದೆ. ಉಪವಾಸ ಹಗಲಿನ ಆಚರಣೆಯಾದರೆ ತರಾವೀಹ್ ಇರುಳಿನ ಆಚರಣೆ. ಇವೆರಡೂ ಕೂಡಿದಾಗಲೇ ರಮಜಾನ್ ಪೂರ್ಣವಾಗುತ್ತದೆಂಬ ಭಾವನೆ ಜನಸಮುದಾಯದಲ್ಲಿ ಬೇರೂರಿದೆ. ಈ ಪ್ರಾರ್ಥನೆಯನ್ನು ಯಾವ ಗತಿಯಲ್ಲಿ ಸಲ್ಲಿಸಬೇಕು ಎಂಬ ಪ್ರಶ್ನೆ ಸಾಮಾನ್ಯವಾಗಿ ಧರ್ಮಶಾಸ್ತ್ರದ ಪರಿಧಿಯೊಳಗೇ ಚರ್ಚೆಗೊಳ್ಳುತ್ತ ಬಂದಿದೆ. ಆದರೆ ಕಂಠಸ್ಥ ಪಠ್ಯವೊಂದನ್ನು ಸಮೂಹದ ಎದುರು ನಿರ್ದಿಷ್ಟ ಇರುಳುಗಳಲ್ಲಿ ಪೂರ್ತಿಯಾಗಿ ಒಪ್ಪಿಸುವ ಮೌಖಿಕ ಸಂಪ್ರದಾಯ ಇದಾಗಿರುವುದರಿಂದ ಜಾನಪದ ಅಧ್ಯಯನಕ್ಕೂ ಇದು ಮುಖ್ಯವಾದ ವಿಷಯವಾಗಿದೆ.

ಹೆಸರಿನಲ್ಲಿಯೇ ಇರುವ ವಿರಾಮ

'ತರಾವೀಹ್' ಎಂಬುದು 'ತರ್ವೀಹ' ಎಂಬ ಅರಬ್ಬೀ ಪದದ ಬಹುವಚನ. ತರ್ವೀಹ ಎಂದರೆ ವಿಶ್ರಾಂತಿ, ದಣಿವಾರಿಸಿಕೊಳ್ಳುವಿಕೆ. ಪ್ರತಿ ನಾಲ್ಕು ರಕಅತ್‌ಗಳ ನಂತರ ಪ್ರಾರ್ಥಿಸುವವರು ಸ್ವಲ್ಪ ಹೊತ್ತು ಕುಳಿತು ದಣಿವಾರಿಸಿಕೊಳ್ಳುತ್ತಿದ್ದುದರಿಂದ ಈ ಹೆಸರು ಬಂದಿತು. ಇಪ್ಪತ್ತು ರಕಅತ್‌ಗಳ ಪ್ರಾರ್ಥನೆಯಲ್ಲಿ ನಾಲ್ಕು ನಾಲ್ಕರಂತೆ ಐದು ತರ್ವೀಹಗಳಿರುತ್ತವೆ. ಪ್ರಾರ್ಥನೆಯೊಂದು ತನ್ನೊಳಗಿನ ಬಿಡುವಿನಿಂದಲೇ ಹೆಸರು ಪಡೆದುಕೊಂಡಿರುವುದು ಗಮನಾರ್ಹ ಸಂಗತಿ.

ಈ ಬಿಡುವನ್ನು ತುಂಬಿಕೊಳ್ಳುವ ಕ್ರಮದಲ್ಲಿ ಪ್ರಾದೇಶಿಕ ವೈವಿಧ್ಯ ಹಿಂದಿನಿಂದಲೂ ಇತ್ತು. ಮಕ್ಕಾ ನಗರದವರು ಎರಡು ತರ್ವೀಹಗಳ ನಡುವೆ ಕಅಬಾದ ಪ್ರದಕ್ಷಿಣೆ ಮಾಡುತ್ತಿದ್ದರು. ಆ ಅವಕಾಶವಿಲ್ಲದ ಮದೀನಾದವರು ಪ್ರತಿಯೊಂದು ಪ್ರದಕ್ಷಿಣೆಗೆ ಬದಲಾಗಿ ನಾಲ್ಕು ರಕಅತ್‌ಗಳನ್ನು ಸೇರಿಸಿಕೊಂಡರು. ನಡುವಣ ನಾಲ್ಕು ಬಿಡುವುಗಳಿಗೆ ಹದಿನಾರು ರಕಅತ್‌ಗಳು ಕೂಡಿ ಅಲ್ಲಿನ ಪ್ರಾರ್ಥನೆ 36 ರಕಅತ್‌ಗಳದಾಯಿತು. ಭಾರತ ಉಪಖಂಡದಲ್ಲಿ ಈ ಬಿಡುವಿನಲ್ಲಿ ಓದುವ ತಸ್ಬೀಹ್ ರೂಢಿಯಲ್ಲಿದೆ. ಬರುವ ಜನರಿಗೆ ಅನುಕೂಲವಾಗಲೆಂದು ಅದನ್ನು ಬರೆದು ಮಸೀದಿಯ ಗೋಡೆಗೆ ತೂಗುಹಾಕುವುದೂ ಉಂಟು.

ಚಾರಿತ್ರಿಕ ಹಿನ್ನೆಲೆ

ಪ್ರವಾದಿ ಮುಹಮ್ಮದರು ರಮಜಾನಿನ ಕೆಲವು ಇರುಳುಗಳಲ್ಲಿ ಮಸೀದಿಯಲ್ಲಿ ಈ ಪ್ರಾರ್ಥನೆಯನ್ನು ಸಲ್ಲಿಸಿದರೆಂದೂ, ಜನ ಹೆಚ್ಚಾಗಿ ಸೇರತೊಡಗಿದಾಗ ಇದು ಕಡ್ಡಾಯವಾಗಿ ಹೊರೆಯಾದೀತೆಂಬ ಕಾಳಜಿಯಿಂದ ಹೊರಗೆ ಬರುವುದನ್ನು ನಿಲ್ಲಿಸಿದರೆಂದೂ ಹದೀಸ್ ಸಂಗ್ರಹಗಳು ತಿಳಿಸುತ್ತವೆ. ಖಲೀಫ ಉಮರ್ (ಆಳ್ವಿಕೆ: 634–644) ಚದುರಿ ಪ್ರಾರ್ಥಿಸುತ್ತಿದ್ದವರನ್ನು ಉಬೈ ಇಬ್ನ್ ಕಅಬ್ ಎಂಬ ಪಠಣಕಾರರ ಹಿಂದೆ ಒಟ್ಟುಗೂಡಿಸಿದರು. ಆ ಕಾಲದ ಜನ ದೀರ್ಘವಾಗಿ ನಿಲ್ಲಬೇಕಾಗಿದ್ದುದರಿಂದ ಊರುಗೋಲಿಗೆ ಒರಗುತ್ತಿದ್ದರು, ಮುಂಬೆಳಗಿನ ಹೊತ್ತಿಗೆ ಮನೆಗೆ ಮರಳುತ್ತಿದ್ದರು ಎಂಬ ವಿವರ ಇಮಾಮ್ ಮಾಲಿಕರ (ಮರಣ: 795) 'ಮುವತ್ತಾ' ಗ್ರಂಥದಲ್ಲಿದೆ. ರಕಅತ್‌ಗಳ ಸಂಖ್ಯೆಯ ಬಗೆಗೆ ಹನ್ನೊಂದು, ಇಪ್ಪತ್ತಮೂರು ಎಂಬ ಎರಡೂ ವರದಿಗಳು ಅದೇ ಗ್ರಂಥದಲ್ಲಿವೆ. ಇಂದಿಗೂ ಹನಫಿ, ಶಾಫಿ ಸಂಪ್ರದಾಯಗಳವರು ಇಪ್ಪತ್ತು ರಕಅತ್‌ಗಳನ್ನೂ ಅಹ್ಲೆ ಹದೀಸ್ ಪಂಥದವರು ಎಂಟನ್ನೂ ಪಾಲಿಸುತ್ತಾರೆ. ಎರಡರ ಕೊನೆಯಲ್ಲಿಯೂ ವಿತ್ರ್ ನಮಾಜ್ ಇರುತ್ತದೆ.

ಖಲೀಫ ಉಮರ್ ಪಠಣಕಾರರನ್ನು ಕರೆಸಿ, ವೇಗವಾಗಿ ಓದುವವರು ಒಂದು ರಕಅತ್‌ನಲ್ಲಿ ಮೂವತ್ತು ವಚನ, ಮಧ್ಯಮ ಗತಿಯವರು ಇಪ್ಪತ್ತೈದು, ನಿಧಾನವಾಗಿ ಓದುವವರು ಇಪ್ಪತ್ತು ವಚನ ಓದಬೇಕೆಂದು ಗೊತ್ತುಪಡಿಸಿದರೆಂಬ ಇನ್ನೊಂದು ವರದಿಯಿದೆ. ಇಲ್ಲಿ ಓದುವವನ ಸಹಜ ಗತಿಗೆ ತಕ್ಕಂತೆ ಪಠ್ಯದ ಪ್ರಮಾಣವನ್ನು ಹೊಂದಿಸಲಾಗಿದೆ. ಮುಂದಿನ ಕಾಲದಲ್ಲಿ ಪ್ರಮಾಣ ಮೊದಲೇ ನಿಗದಿಯಾಗಿ, ಗತಿ ಅದಕ್ಕೆ ಹೊಂದಿಕೊಳ್ಳಬೇಕಾಯಿತು. ಅವಸರದ ಮೂಲ ಈ ಪಲ್ಲಟದಲ್ಲಿದೆ.

ಖತ್ಮ್ ಮತ್ತು ಅದರ ಲೆಕ್ಕ

ತರಾವೀಹ್‌ನಲ್ಲಿ ರಮಜಾನ್ ಮುಗಿಯುವುದರೊಳಗೆ ಕುರ್‌ಆನನ್ನು ಒಮ್ಮೆ ಪೂರ್ತಿಯಾಗಿ ಕೇಳಿಸುವುದನ್ನು ಖತ್ಮ್ ಎನ್ನುತ್ತಾರೆ. ಒಂದು ರಕಅತ್‌ಗೆ ಸುಮಾರು ಹತ್ತು ವಚನಗಳಂತೆ ಓದಿದರೆ ಸಾಕೆಂಬ ಅಭಿಪ್ರಾಯ ಇಮಾಮ್ ಅಬೂ ಹನೀಫರ ಹೆಸರಿನಲ್ಲಿದೆ. ಇಪ್ಪತ್ತು ರಕಅತ್‌ಗಳಂತೆ ಮೂವತ್ತು ಇರುಳಿಗೆ ಆರು ಸಾವಿರ ವಚನಗಳಾಗುತ್ತವೆ. ಪ್ರಚಲಿತ ಎಣಿಕೆಯಂತೆ ಕುರ್‌ಆನಿನಲ್ಲಿರುವುದು 6,236 ವಚನಗಳು. ಆದ್ದರಿಂದ ನೆಮ್ಮದಿಯ ಗತಿಯಲ್ಲಿಯೇ ತಿಂಗಳೊಂದರಲ್ಲಿ ಪೂರ್ಣ ಪಠಣ ಸಾಧ್ಯವೆಂಬುದು ಈ ಲೆಕ್ಕದ ಇಂಗಿತ.

ಉಪಖಂಡದ ಕುರ್‌ಆನ್ ಪ್ರತಿಗಳ ಅಂಚಿನಲ್ಲಿ ಕಾಣುವ 'ರುಕೂ' ಗುರುತುಗಳು ಸಹ ತರಾವೀಹ್‌ನೊಂದಿಗೆ ಸಂಬಂಧ ಹೊಂದಿವೆ. ಬುಖಾರಾದ ವಿದ್ವಾಂಸರು ಕುರ್‌ಆನನ್ನು 540 ಭಾಗಗಳಾಗಿ ವಿಂಗಡಿಸಿದರೆಂದು ಹನಫಿ ಪರಂಪರೆ ಹೇಳುತ್ತದೆ. ರಕಅತ್‌ಗೆ ಒಂದು ಭಾಗದಂತೆ ಇಪ್ಪತ್ತು ರಕಅತ್‌ಗಳನ್ನು ಸಲ್ಲಿಸಿದರೆ 27ನೆಯ ಇರುಳಿಗೆ ಸರಿಯಾಗಿ ಖತ್ಮ್ ಆಗುತ್ತದೆ. ಅಚ್ಚಿನ ಪ್ರತಿಗಳಲ್ಲಿ ಈ ಎಣಿಕೆ ತುಸು ಹೆಚ್ಚಿರುವುದೂ ಉಂಟು. ಅರ್ಥದ ಘಟಕವೊಂದು ಮುಗಿದಲ್ಲಿ ಬಾಗುವುದು ಈ ವಿಂಗಡಣೆಯ ಉದ್ದೇಶವಾಗಿತ್ತು. ಗ್ರಂಥದ ಅಂಚು ಹೀಗೆ ಆಚರಣೆಯ ಗತಿಯನ್ನು ಕಾಯುವ ಸಾಧನವಾಗಿದೆ.

ಹಾಫಿಜರಿಲ್ಲದ ಹಳ್ಳಿಗಳಲ್ಲಿ 105ನೆಯ ಅಧ್ಯಾಯದಿಂದ 114ರವರೆಗಿನ ಹತ್ತು ಚಿಕ್ಕ ಅಧ್ಯಾಯಗಳನ್ನು ಎರಡಾವರ್ತಿ ಓದಿ ಇಪ್ಪತ್ತು ರಕಅತ್‌ಗಳನ್ನು ಪೂರೈಸುವ ಕ್ರಮವಿದೆ. ಮೊದಲ ಅಧ್ಯಾಯದ ಆರಂಭಪದಗಳಿಂದ ಇದಕ್ಕೆ 'ಅಲಂ ತರ' ತರಾವೀಹ್ ಎಂಬ ಹೆಸರು ಬಂದಿದೆ.

ಅವಸರದ ಕಾರಣಗಳು

ಅವಸರವು ಕೇವಲ ಆಧುನಿಕ ಕಾಲದ ದೋಷವೆಂದು ಭಾವಿಸುವುದು ಸರಿಯಲ್ಲ. ಡಮಾಸ್ಕಸ್ಸಿನ ಹನಫಿ ನ್ಯಾಯಶಾಸ್ತ್ರಜ್ಞ ಹಸ್ಕಫಿ (ಮರಣ: 1677) ತಮ್ಮ 'ದುರ್ರುಲ್ ಮುಖ್ತಾರ್' ಗ್ರಂಥದಲ್ಲಿ ತರಾವೀಹ್‌ನಲ್ಲಿ ವರ್ಜಿಸಬೇಕಾದವುಗಳನ್ನು ಪಟ್ಟಿ ಮಾಡುವಾಗ ಪದಗಳನ್ನು ನುಂಗಿ ಓದುವುದು, ದೇಹದ ಸ್ಥಿರತೆಯನ್ನು ಬಿಡುವುದು, ನಡುವಣ ವಿಶ್ರಾಂತಿಯನ್ನು ಕೈಬಿಡುವುದು ಇವೆಲ್ಲವನ್ನೂ ಹೆಸರಿಸಿದ್ದಾರೆ. ನಡೆಯದಿದ್ದುದನ್ನು ಯಾರೂ ನಿಷೇಧಿಸುವುದಿಲ್ಲವಾದ್ದರಿಂದ ಆ ಕಾಲದಲ್ಲಿಯೂ ಅವಸರವಿದ್ದಿತೆಂದು ತಿಳಿಯಬಹುದು.

ಉಪಖಂಡದ ಉರ್ದು ಬಲ್ಲ ಸಮುದಾಯಗಳಲ್ಲಿ ವೇಗದ ಓದನ್ನು ಕುರಿತ ವ್ಯಂಗ್ಯೋಕ್ತಿಯೊಂದು ಜನಜನಿತವಾಗಿದೆ. ಹಾಫಿಜರು ಓದಿದ್ದರಲ್ಲಿ 'ಯಅಲಮೂನ್, ತಅಲಮೂನ್' ಎಂಬುದರ ಹೊರತು ಬೇರೇನೂ ಕೇಳಲಿಲ್ಲ ಎಂಬುದು ಅದರ ತಾತ್ಪರ್ಯ. ವಚನಗಳ ಕೊನೆಯ ಪ್ರಾಸ ಮಾತ್ರ ಕಿವಿಗೆ ಬಿದ್ದು ನಡುವಿನದೆಲ್ಲ ಕರಗಿಹೋಗುವುದನ್ನು ಇದು ಹಿಡಿದು ತೋರಿಸುತ್ತದೆ. ಆ ಎರಡು ಪದಗಳಿಗೆ 'ಅವರು ತಿಳಿಯುತ್ತಾರೆ', 'ನೀವು ತಿಳಿಯುತ್ತೀರಿ' ಎಂಬ ಅರ್ಥವಿರುವುದು ವ್ಯಂಗ್ಯವನ್ನು ಇನ್ನಷ್ಟು ಮೊನಚಾಗಿಸಿದೆ.

ಅವಸರದ ಹಿಂದೆ ಜನಜೀವನದ ಒತ್ತಡಗಳೂ ಇವೆ. ಹಗಲಿಡೀ ಉಪವಾಸವಿದ್ದು ಕೂಲಿ ಮಾಡಿದವರು, ಬೆಳಗಿನ ಜಾವ ಸಹರಿಗೆ ಏಳಬೇಕಾದವರು, ಹಬ್ಬದ ವ್ಯಾಪಾರಕ್ಕೆ ಅಂಗಡಿ ತೆರೆಯಬೇಕಾದವರು ಬೇಗ ಮುಗಿಯುವ ಮಸೀದಿಯನ್ನು ಅರಸುತ್ತಾರೆ. ದೊಡ್ಡ ನಗರಗಳಲ್ಲಿ ಹತ್ತು, ಆರು ಅಥವಾ ಮೂರು ಇರುಳುಗಳಲ್ಲಿಯೇ ಖತ್ಮ್ ಮುಗಿಸುವ ವ್ಯವಸ್ಥೆಗಳಿವೆ. ಒಂದೆರಡು ಇರುಳಿನಲ್ಲಿಯೇ ಪೂರ್ತಿ ಓದುವ 'ಶಬೀನಾ' ಎಂಬ ಪದ್ಧತಿಯೂ ಇದೆ.

ಕನ್ನಡದ ಇರುಳ ಕಲೆಗಳೊಂದಿಗೆ ಹೋಲಿಸಿದಾಗ ಈ ಸಮಸ್ಯೆಯ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಬೆಳಗಿನವರೆಗೆ ನಡೆಯುತ್ತಿದ್ದ ಯಕ್ಷಗಾನ ಇತ್ತೀಚಿನ ದಶಕಗಳಲ್ಲಿ ಕಾಲಮಿತಿಗೆ ಒಳಗಾದಾಗ ಪ್ರಸಂಗದ ಪದ್ಯಗಳನ್ನು ಬಿಡಲು, ಅರ್ಥಗಾರಿಕೆಯನ್ನು ಮೊಟಕುಗೊಳಿಸಲು ಅವಕಾಶವಿತ್ತು. ಕುರ್‌ಆನ್ ಪಠಣದಲ್ಲಿ ಒಂದಕ್ಷರವನ್ನೂ ಬಿಡುವಂತಿಲ್ಲ. ಪಠ್ಯ ಸ್ಥಿರವಾಗಿ, ಹೊತ್ತು ಕಿರಿದಾದಾಗ ಗತಿಯೊಂದೇ ಬದಲಾಗಲು ಸಾಧ್ಯ.

ಸ್ಥಿರತೆಯ ಪರಿಕಲ್ಪನೆ

ನಮಾಜಿನ ಪ್ರತಿ ಭಂಗಿಯಲ್ಲಿಯೂ ಅಂಗಾಂಗಗಳು ನೆಲೆಗೊಳ್ಳುವಷ್ಟು ಹೊತ್ತು ನಿಲ್ಲುವುದನ್ನು 'ತುಮಅನೀನ' ಎನ್ನುತ್ತಾರೆ. ಶಾಫಿ ಸಂಪ್ರದಾಯದಲ್ಲಿ ಇದು ನಮಾಜಿನ ಅವಿಭಾಜ್ಯ ಅಂಗ. ಹನಫಿ ಸಂಪ್ರದಾಯದಲ್ಲಿ ವಾಜಿಬ್. ಅವಸರವಾಗಿ ನಮಾಜ್ ಮುಗಿಸಿದವನೊಬ್ಬನನ್ನು ಪ್ರವಾದಿಯವರು ಮತ್ತೆ ಮತ್ತೆ ಹಿಂದಕ್ಕೆ ಕಳುಹಿಸಿದ ಪ್ರಸಂಗವೂ, ರುಕೂ ಮತ್ತು ಸಜ್ದಾಗಳನ್ನು ಪೂರ್ತಿ ಮಾಡದವನನ್ನು ನಮಾಜಿನ ಕಳ್ಳನೆಂದು ಕರೆದ ಪ್ರಸಂಗವೂ ಹದೀಸ್‌ಗಳಲ್ಲಿವೆ. ಪಠಣಕ್ಕೆ ಸಂಬಂಧಿಸಿದಂತೆ ನಿಧಾನವಾಗಿ, ಸ್ಪಷ್ಟವಾಗಿ ಓದುವ 'ತರ್ತೀಲ್'ನ ಆದೇಶ ಕುರ್‌ಆನಿನ 73ನೆಯ ಅಧ್ಯಾಯದಲ್ಲಿದೆ. ಪಠಣಶಾಸ್ತ್ರವು 'ಹದ್ರ್' ಎಂಬ ಶೀಘ್ರಗತಿಯನ್ನು ಒಪ್ಪುತ್ತದೆಯಾದರೂ ಅಕ್ಷರಗಳ ಉಚ್ಚಾರ ಕೆಡಬಾರದೆಂಬ ನಿಯಮವನ್ನು ಅದಕ್ಕೂ ವಿಧಿಸುತ್ತದೆ. ಶೀಘ್ರತೆ ಬೇರೆ, ಅವಸರ ಬೇರೆ ಎಂಬ ವಿವೇಕ ಇಲ್ಲಿದೆ.

ಇದರ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಇಶಾ ನಮಾಜನ್ನು ಅತಿಯಾಗಿ ದೀರ್ಘಗೊಳಿಸಿದ ಮುಆಜ್ ಎಂಬ ಅನುಯಾಯಿಯನ್ನು ಪ್ರವಾದಿಯವರು ಗದರಿ, ಹಿಂದೆ ನಿಂತವರಲ್ಲಿ ವೃದ್ಧರೂ ದುರ್ಬಲರೂ ಕೆಲಸವುಳ್ಳವರೂ ಇರುವುದನ್ನು ನೆನಪಿಸಿದ್ದರು. ಆದ್ದರಿಂದ ಪಠಣದ ಪ್ರಮಾಣವನ್ನು ಕಡಿಮೆ ಮಾಡುವುದಕ್ಕೆ ಪರಂಪರೆಯ ಸಮ್ಮತಿಯಿದೆ. ಸ್ಥಿರತೆಯನ್ನು ಕಡಿಮೆ ಮಾಡುವುದಕ್ಕೆ ಇಲ್ಲ.

ಕರ್ನಾಟಕದ ಸಂದರ್ಭ

ಕರ್ನಾಟಕದ ಒಳನಾಡಿನ ದಖ್ಖನಿ ಉರ್ದು ಭಾಷಿಕರಲ್ಲಿಯೂ ಉತ್ತರ ಕರ್ನಾಟಕದ ಕನ್ನಡ ಮಾತನಾಡುವ ನದಾಫ, ಪಿಂಜಾರ ಸಮುದಾಯಗಳಲ್ಲಿಯೂ ಹನಫಿ ಸಂಪ್ರದಾಯ ಪ್ರಧಾನವಾಗಿದೆ. ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಶಾಫಿ ಸಂಪ್ರದಾಯದವರು. ಈ ಭೇದ ಗತಿಯ ಮೇಲೆ ನೇರ ಪರಿಣಾಮ ಬೀರುತ್ತದೆ. ಹನಫಿ ಕ್ರಮದಲ್ಲಿ ಇಮಾಮರು ಓದುವಾಗ ಹಿಂದಿನವರು ಮೌನವಾಗಿ ಕೇಳುತ್ತಾರೆ. ಶಾಫಿ ಕ್ರಮದಲ್ಲಿ ಹಿಂದಿನವರೂ ಫಾತಿಹಾ ಅಧ್ಯಾಯವನ್ನು ಓದಿಕೊಳ್ಳಬೇಕು. ಅದಕ್ಕಾಗಿ ಇಮಾಮರು ತಮ್ಮ ಫಾತಿಹಾದ ನಂತರ ತುಸು ಹೊತ್ತು ಸುಮ್ಮನಿರುವುದು ವಿಹಿತ. ಇಮಾಮರು ಅವಸರಿಸಿದರೆ ಹಿಂದಿರುವವರ ಓದು ಅರ್ಧಕ್ಕೆ ನಿಲ್ಲುತ್ತದೆ.

ಹಾಫಿಜರ ಹಿಂದೆ ಇನ್ನೊಬ್ಬ ಹಾಫಿಜರು ನಿಂತು ತಪ್ಪಿದಲ್ಲಿ ಸರಿಯಾದ ಪದವನ್ನು ಒದಗಿಸುವ ಪದ್ಧತಿ ವ್ಯಾಪಕವಾಗಿದೆ. ಕೇಳುವ ಈ ವ್ಯಕ್ತಿಯನ್ನು 'ಸಾಮೆ' ಎಂದೂ, ಪದವನ್ನು ಒದಗಿಸುವುದನ್ನು 'ಲುಕ್ಮಾ' ಕೊಡುವುದೆಂದೂ ಕರೆಯುತ್ತಾರೆ. ಲುಕ್ಮಾ ಎಂದರೆ ತುತ್ತು. ಕಂಠಪಾಠದ ಶುದ್ಧಿಯನ್ನು ಕಾಯುವ ಈ ವ್ಯವಸ್ಥೆ ಗತಿ ಹಿಡಿತದಲ್ಲಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ವೇಗ ಮಿತಿಮೀರಿದರೆ ತುತ್ತು ಕೊಡುವವನಿಗೂ ಎಡೆ ಸಿಗುವುದಿಲ್ಲ.

2020ರಲ್ಲಿ ಕೊರೋನಾ ನಿರ್ಬಂಧದಿಂದ ಮಸೀದಿಗಳು ಮುಚ್ಚಿದ್ದಾಗ ತರಾವೀಹ್ ಮನೆಗಳಿಗೆ ಸರಿಯಿತು. ಕಂಠಪಾಠವಿಲ್ಲದ ಮನೆಗಳಲ್ಲಿ ಬಲ್ಲ ಚಿಕ್ಕ ಅಧ್ಯಾಯಗಳೇ ಆಧಾರವಾದವು. ಮಕ್ಕಾದ ಮಹಾಮಸೀದಿಯಲ್ಲಿಯೂ ಅದೇ ವರ್ಷ ಇಪ್ಪತ್ತು ರಕಅತ್‌ಗಳನ್ನು ಹತ್ತಕ್ಕೆ ಇಳಿಸಲಾಯಿತು. ಒತ್ತಡ ಬಂದಾಗ ಗತಿಯನ್ನು ಹೆಚ್ಚಿಸುವ ಬದಲು ಪ್ರಮಾಣವನ್ನು ತಗ್ಗಿಸಬಹುದೆಂಬುದಕ್ಕೆ ಇವು ಇತ್ತೀಚಿನ ನಿದರ್ಶನಗಳು.

ತರಾವೀಹ್‌ನ ಗತಿಯ ಪ್ರಶ್ನೆ ಮೂಲತಃ ಸಮೂಹ ಮತ್ತು ಪಠ್ಯದ ಸಂಬಂಧದ ಪ್ರಶ್ನೆ. ನಿಂತವರೆಲ್ಲರಿಗೂ ಅರಬ್ಬೀ ಅರ್ಥವಾಗದಿದ್ದರೂ ಪದ ಪದವಾಗಿ ಕಿವಿಗೆ ಬೀಳುವ ಓದು ಅವರನ್ನು ಪಠ್ಯದೊಂದಿಗೆ ಬೆಸೆಯುತ್ತದೆ. ಪದಗಳು ಕಲಸಿಹೋದಾಗ ಆ ಬೆಸುಗೆ ಬಿಡುತ್ತದೆ. ಖತ್ಮ್ ಪೂರ್ತಿಯಾಯಿತೆಂಬ ಎಣಿಕೆ ಉಳಿದರೂ ಕೇಳಿದೆನೆಂಬ ಅನುಭವ ಉಳಿಯುವುದಿಲ್ಲ. ಪೂರ್ವಿಕರು ಈ ಪ್ರಾರ್ಥನೆಗೆ ಅದರ ವಿರಾಮದಿಂದಲೇ ಹೆಸರಿಟ್ಟರು. ಆ ವಿರಾಮವನ್ನು ಉಳಿಸಿಕೊಂಡ ಮಸೀದಿಗಳಲ್ಲಿ ಈ ಮೌಖಿಕ ಪರಂಪರೆ ತನ್ನ ಅರ್ಥವನ್ನೂ ಉಳಿಸಿಕೊಂಡಿದೆ ಎನ್ನಬಹುದು.